ಅಕ್ಕ ಬರೆದ ತಾರೀಖು

ನನ್ನ ಹಳೆಯ ಮೇಲಧಿಕಾರಿಯ ನಿವೃತ್ತಿಯ ಕಾರ್ಡಿನಲ್ಲಿ ಹಾಕಲು ಎರಡು ಸಾಲು ಕಳಿಸಿ ಎಂದು ನಮ್ಮ ಮೆಲ್ಬರ್ನ್ ಶಾಖೆಯಿಂದ ಈಮೇಲ್ ಬಂತು. ಕೆಲಸ ಕಲಿಸಿದ್ದಕ್ಕೆ ಥ್ಯಾಂಕ್ಸ್, ಆರೋಗ್ಯವಾಗಿರಿ ಎಂದು ಬರೆದು ಕಳಿಸಿದೆ. ಎರಡೂ ಸುಳ್ಳಲ್ಲ. ಆದರೆ ಅವರ ಬಗ್ಗೆ ನನ್ನ ಹೊಟ್ಟೆಯಲ್ಲಿ ಕೂತಿದ್ದ ಮಾತೇ ಬೇರೆ, ಅದು ಹೂವಿನ ಚಿತ್ರದ ಕಾರ್ಡಿನಲ್ಲಿ ಬರೆಯುವಂಥದ್ದಲ್ಲ. ಅವರ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ಬರೆದದ್ದು ಗೊತ್ತಾದರೆ ಯಾಕೆ ಬರೆದೆ, ಯಾರು ಓದಿದರು, ಓದಿದವರು ಇನ್ಯಾರಿಗೆ ಹೇಳಿದರು ಎಂದು ಮೂರು ಫೋನ್ ಮಾಡುವ ಹೆಂಗಸು ಅವರು.

ನಾನು ಕೆಲಸಕ್ಕೆ ಸೇರಿದ್ದು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ. ಮಕ್ಕಳನ್ನು ಚೈಲ್ಡ್‌ಕೇರಿಗೆ ಬಿಟ್ಟು ದುಡಿಯಲು ಹೋಗುವ ತಂದೆ ತಾಯಿಗೆ ಫೀಸಿನಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತದಲ್ಲ, ಆ ಅರ್ಜಿಗಳನ್ನು ನೋಡುವ ಕಚೇರಿ. ಯಾರಿಗೆ ಎಷ್ಟು ಎನ್ನುವುದು ಮನೆಯಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ನಿಂತಿತ್ತು. ಗಂಡ ಬಿಟ್ಟುಹೋದ, ಮತ್ತೆ ಬಂದ, ಬೇರೊಬ್ಬ ಬಂದ, ಮಗು ಅಪ್ಪನ ಮನೆ ಸೇರಿತು, ಇಂಥದ್ದು ಏನೇ ಆದರೂ ನಮಗೆ ತಿಳಿಸಬೇಕಿತ್ತು. ಹಾಗೆ ತಿಳಿಸಿದ ಕಾಗದಗಳೆಲ್ಲ ಬಂದು ಬೀಳುತ್ತಿದ್ದದ್ದು ಅವರ ಮೇಜಿನ ಮೇಲೆ. ನಾನು ಅವರ ಕೈಕೆಳಗಿನವಳು. ತುಮಕೂರಿನಿಂದ ಅಕೌಂಟಿಂಗ್ ಓದಲು ಬಂದು, ಇಲ್ಲೇ ಕಾಯಂ ಇರಲು ಪಿಆರ್ ಸಿಕ್ಕಿ, ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಎತ್ತಿಕೊಂಡು ಕೆಲಸ ಹುಡುಕಿದವಳು. ಅವರು ಉಡುಪಿ ಕಡೆಯವರು, ಮನೆಮಾತು ತುಳು, ಈ ದೇಶಕ್ಕೆ ನನಗಿಂತ ಎಷ್ಟೋ ಮೊದಲು ಬಂದವರು.

"ಮೇಡಂ ಎಲ್ಲ ಬೇಡ ಮಾರಾಯ್ತಿ, ಅಕ್ಕ ಅಂತ ಕರಿ," ಎಂದರು ಮೊದಲ ದಿನ. ಹಿಂದೆಯೇ ಎರಡನೆಯ ಮಾತು: "ನಿನ್ನ ಮನೆಯಲ್ಲಿ ಯಾರೆಲ್ಲ ಇದ್ದೀರಿ?"

ನಾನು, ಗಂಡ, ಮಗಳು ಎಂದೆ.

"ಹೌದಾ?" ಎಂದರು.

ಈ 'ಹೌದಾ' ಅನ್ನು ಅವರು ಎಲ್ಲರಿಗೂ ಹಾಕುತ್ತಿದ್ದರು. ಟ್ರೇನ್ ಲೇಟು ಎಂದರೂ ಹೌದಾ, ಅಮ್ಮನಿಗೆ ಹುಷಾರಿಲ್ಲ ಎಂದರೂ ಹೌದಾ. ಹಾಗೆನ್ನುವಾಗ ಕನ್ನಡಕವನ್ನು ಹಣೆಗೇರಿಸಿ ಒಂದು ಕಣ್ಣನ್ನು ಅರ್ಧ ಮುಚ್ಚುತ್ತಿದ್ದರು. ಎದುರಿಗಿದ್ದವರು ನಿಜ ಹೇಳಿದ್ದರೂ ಒಂದು ಕ್ಷಣ ತಡವರಿಸುತ್ತಿದ್ದರು. ಮಾತು ಮುಗಿದ ಮೇಲೆ "ಇರ್ಲಿ, ನೋಡುವ" ಎಂದು ಫೈಲನ್ನು ಪಕ್ಕಕ್ಕಿಡುತ್ತಿದ್ದರು. ನಂಬಿದೆ ಎಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಸಂಶಯ ಅವರಿಗೆ ಬರೀ ಸ್ವಭಾವವಾಗಿರಲಿಲ್ಲ, ಕೆಲಸ ಮಾಡುವ ರೀತಿಯೂ ಅದೇ ಆಗಿತ್ತು. ನಮ್ಮ ಕಡೆಯ ಹೆಂಗಸರು ಅರ್ಜಿ ಹಾಕಿದರೆ ಅಕ್ಕ ಫೋನ್ ತೆಗೆದುಕೊಂಡು ಮೊದಲು ಊರು ಕೇಳುತ್ತಿದ್ದರು, ಆಮೇಲೆ ಮಕ್ಕಳ ಕೆಮ್ಮು ನೆಗಡಿ, ಆಮೇಲೆ ಅಡುಗೆ. ಹ್ಯಾರಿಸ್ ಪಾರ್ಕಿನಿಂದ ಒಬ್ಬಳು, ಗಂಡ ಬಿಟ್ಟು ಹೋಗಿದ್ದಾನೆ, ಮನೆಯಲ್ಲಿ ನಾನು ಮತ್ತು ಇಬ್ಬರು ಮಕ್ಕಳು ಮಾತ್ರ ಎಂದು ಬರೆದಿದ್ದಳು. ಅಕ್ಕ ಅವಳ ಜೊತೆ ದೋಸೆಯ ವಿಷಯ ಮಾತಾಡಿದರು. ಇಲ್ಲಿಯ ಚಳಿಗೆ ಹಿಟ್ಟು ಹುಳಿ ಬರುವುದೇ ಇಲ್ಲ ಎಂದು ಅವಳು ಗೋಳು ಹೇಳಿಕೊಂಡಳು. ಎಷ್ಟು ಅಕ್ಕಿ ನೆನೆಸ್ತೀರಿ ಎಂದು ಅಕ್ಕ ಕೇಳಿದರು. ನಾಲ್ಕು ಲೋಟ ಎಂದಳು. ಅಕ್ಕ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು.

"ನಾಲ್ಕು ಲೋಟದ ದೋಸೆ ಆ ಎರಡು ಚಿಲ್ಟಾರಿ ಮಕ್ಕಳು ತಿನ್ನುದಾ?"

ವಿಚಾರಿಸಿದಾಗ ಗಂಡನೇನೂ ಇರಲಿಲ್ಲ. ಗ್ಯಾರೇಜಿನಲ್ಲಿ ಮೂವರು ಸ್ಟೂಡೆಂಟ್ ಹುಡುಗರನ್ನು ಬಾಡಿಗೆಗೆ ಇಟ್ಟುಕೊಂಡಿದ್ದಳು, ಊಟ ಸೇರಿಸಿ. ಅದರಿಂದ ಅವಳ ಅರ್ಜಿಗೆ ತೊಂದರೆಯಾಗಲಿಲ್ಲ. ಆದರೂ ಅಕ್ಕನಿಗೆ ಗೆದ್ದ ಖುಷಿ. "ಸುಳ್ಳು ಹೇಳ್ಲಿಲ್ಲ ಅವಳು. ಹೇಳ್ಲಿಲ್ಲ ಅಷ್ಟೇ. ಎರಡೂ ಬೇರೆ ಬೇರೆ ಗೊತ್ತುಂಟಾ?" ಎಂದರು.

ಕಾಗದವನ್ನು ಮೂಸಿ ನೋಡುವ ಅಭ್ಯಾಸವೂ ಅವರಿಗಿತ್ತು. ಒಮ್ಮೆ ಒಬ್ಬ ಅರ್ಜಿದಾರನ ಪರವಾಗಿ ಅವನ ಪಕ್ಕದ ಮನೆಯ ಬಿಳಿಯ ಮುದುಕರು ಬರೆದುಕೊಟ್ಟರೆನ್ನಲಾದ ಹೇಳಿಕೆ ಬಂತು. ಅಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು, "ಈ ಮುದುಕ ಇಂಗಿನ ಒಗ್ಗರಣೆ ಹಾಕ್ತಾನಾ?" ಎಂದು ಕೇಳಿದರು. ನಾನು ನಕ್ಕೆ. ಆಮೇಲೆ ಮನೆಗೆ ಹೋಗಿ ನನ್ನ ಬ್ಯಾಗಿನಲ್ಲಿದ್ದ ಕಾಗದಗಳನ್ನೆಲ್ಲ ಮೂಸಿ ನೋಡಿದೆ.

ಮೋಸ ಮಾಡಲು ಬರುವವರಿಗಿಂತ ಏನೂ ತಿಳಿಯದೆ ಬರೆಯುವವರೇ ಜಾಸ್ತಿ. ದಾವಣಗೆರೆಯ ಒಬ್ಬ ಯುವಕ 'ಮನೆಯಲ್ಲಿ ವಾಸವಿರುವವರು' ಎಂಬಲ್ಲಿ ಮೊದಲು ತನ್ನ ತಂದೆಯ ಹೆಸರು ಬರೆದಿದ್ದ. ತಂದೆ ದಾವಣಗೆರೆ ಬಿಟ್ಟು ಕದಲಿದವರೇ ಅಲ್ಲ. ಕೇಳಿದರೆ, "ಮನಿ ಯಜಮಾನ್ರು ಅವ್ರೇ ಅಲ್ರೀ? ಅವ್ರನ್ನ ಬಿಟ್ಟು ನನ್ ಹೆಸ್ರು ಮೊದ್ಲು ಹೆಂಗ್ ಬರೀಲಿ?" ಎಂದ. ಅಕ್ಕ ನಗಲಿಲ್ಲ. ತಾವೇ ಕೂತು ಹೊಸ ಫಾರಂ ತುಂಬಿಸಿಕೊಟ್ಟರು. ಅವನು ಹೋದ ಮೇಲೆ, ಆ ತಂದೆ ವಿಸಿಟರ್ ವೀಸಾದಲ್ಲಿ ಬಂದು ಒಳಗೆ ಮಲಗಿದ್ದಾರೋ ಏನೋ ಎಂದು ಅವನ ಮನೆಗೆ ಫೋನ್ ಮಾಡಿಯೂ ನೋಡಿದರು.

ಇಷ್ಟೆಲ್ಲ ಪರರ ಮನೆಯ ಲೆಕ್ಕ ತಿಳಿದ ಅಕ್ಕನ ಮನೆಯಲ್ಲಿ ಯಾರಿದ್ದಾರೆ ಎನ್ನುವುದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡ ಉಡುಪಿಯಲ್ಲಿದ್ದಾರೆ ಎಂದು ಒಬ್ಬರು, ಮೆಲ್ಬರ್ನಿನಲ್ಲಿದ್ದಾರೆ ಎಂದು ಇನ್ನೊಬ್ಬರು, ಗಂಡನೇ ಇಲ್ಲ ಎಂದು ಮತ್ತೊಬ್ಬರು. ಊಟದ ಡಬ್ಬಿಯನ್ನೂ ಮುಚ್ಚಳ ಅರ್ಧ ತೆರೆದೇ ತಿನ್ನುತ್ತಿದ್ದರು. ಯಾವ ಸಬರ್ಬಿನಲ್ಲಿ ಇಳಿಯುತ್ತಾರೆ ಎಂದು ನೋಡಲು ನಾನು ಒಂದು ಸಂಜೆ ಅವರ ಟ್ರೇನನ್ನೇ ಹತ್ತಿ ಬೇರೆ ಬೋಗಿಯಲ್ಲಿ ಕೂತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎರಡು ಸ್ಟೇಷನ್ ಕಳೆಯುವಷ್ಟರಲ್ಲಿ ಅವರೇ ಬೋಗಿ ದಾಟಿ ಬಂದು ನನ್ನ ಪಕ್ಕ ಕೂತು, "ನಿನ್ನ ಮನೆ ಆಚೆ ಕಡೆ ಅಲ್ವಾ?" ಎಂದು ಕೇಳಿದರು. ಸಂಶಯದಲ್ಲಿ ನಾನೂ ಕಡಿಮೆಯವಳಲ್ಲ, ಆದರೆ ಅವರ ಮುಂದೆ ನನ್ನದು ಅಂಬೆಗಾಲು.

ಈಗ ನನ್ನ ಮನೆಯ ವಿಷಯ. ಮಗಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ನನ್ನ ಗಂಡ ನನ್ನೊಡನೆ ಮಾತು ಬಿಟ್ಟ. ಜಗಳವಾಗಿ ಬಿಟ್ಟದ್ದಾದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಒಂದು ದಿನ ಹಾಸಿಗೆಯನ್ನು ಹಾಲಿಗೆ ಹಾಕಿಕೊಂಡ, ಇನ್ನು ನಮ್ಮಿಬ್ಬರದು ಮುಗಿಯಿತು ಎಂದ, ಅಲ್ಲಿಂದ ಮುಂದೆ ಬಾಯಿ ತೆರೆಯಲಿಲ್ಲ. ತನ್ನ ಸಂಬಳ ತನ್ನ ಅಕೌಂಟಿನಲ್ಲಿ, ನನ್ನದು ನನ್ನಲ್ಲಿ. ಬೇರೆ ಯುನಿಟ್ ಹಿಡಿಯಲು ಇಬ್ಬರಿಗೂ ರೆಂಟ್ ಕೈಗೆಟುಕುವಂತಿರಲಿಲ್ಲ, ಅದಕ್ಕೆ ಅಲ್ಲೇ ಉಳಿದ. ಹೀಗೆ ಒಂದೇ ಸೂರಿನಡಿ ಬೇರೆಯಾಗಿರುವುದನ್ನು ಈ ದೇಶದ ನಿಯಮ ಒಪ್ಪುತ್ತದೆ. ನಾನು ದಿನಾ ಅಂಥ ಫೈಲು ನೋಡುವವಳೇ. ಬೇರೆ ಎಂದು ಒಪ್ಪಿದರೆ ಅವನ ಸಂಬಳ ಲೆಕ್ಕಕ್ಕೆ ಬರುವುದಿಲ್ಲ, ಮಗಳ ಚೈಲ್ಡ್‌ಕೇರಿನ ನೆರವು ಹೆಚ್ಚುತ್ತದೆ, ನಾನು ಕೆಲಸದಲ್ಲಿ ಉಳಿಯಬಹುದು. ಒಪ್ಪದಿದ್ದರೆ ಅವನ ಸಂಬಳವೂ ನನ್ನದೇ ಎಂದು ಎಣಿಸುತ್ತಾರೆ, ಅವನೋ ಒಂದು ಬಿಡಿಗಾಸು ಕೊಡುವುದಿಲ್ಲ. ಮಗಳನ್ನು ಚೈಲ್ಡ್‌ಕೇರ್ ಬಿಡಿಸಬೇಕು, ನಾನು ಕೆಲಸ ಬಿಡಬೇಕು, ನನ್ನನ್ನು ಬಿಟ್ಟವನ ಮುಂದೆಯೇ ತಿಂಗಳು ತಿಂಗಳು ಕೈಯೊಡ್ಡಬೇಕು.

ಸ್ವಂತ ಕಚೇರಿಯವರ ಅರ್ಜಿಯನ್ನು ಬೇರೆ ಶಾಖೆ ನೋಡಬೇಕೆಂಬ ನಿಯಮವಿತ್ತು, ಹಾಗಾಗಿ ನನ್ನದು ಮೆಲ್ಬರ್ನಿಗೆ ಹೋಯಿತು. ಎಂಟು ತಿಂಗಳಿಂದ ಬೇರೆ ಇದ್ದೇವೆ ಎಂದು ಬರೆದಿದ್ದೆ. ನಿಮ್ಮಿಬ್ಬರನ್ನೂ ಬಲ್ಲ ಒಬ್ಬರ ಹೇಳಿಕೆ ಕಳಿಸಿ, ಅವರು ನಿಮ್ಮ ಜೊತೆ ಕೆಲಸ ಮಾಡುವವರಾದರೆ ಅದನ್ನೂ ನಮೂದಿಸಲಿ ಎಂದು ಉತ್ತರ ಬಂತು. ಅಲ್ಲಿ ನಾನು ಸಿಕ್ಕಿಹಾಕಿಕೊಂಡೆ.

ಯಾಕೆಂದರೆ ಬೇರೆಯಾದದ್ದನ್ನು ನಾನು ಸರ್ಕಾರಕ್ಕೆ ಹೇಳಿದ್ದೆನೇ ಹೊರತು ನಮ್ಮವರಿಗೆ ಹೇಳಿರಲಿಲ್ಲ. ಯುಗಾದಿ ಕಾರ್ಯಕ್ರಮಕ್ಕೆ ಮೂವರೂ ಒಂದೇ ಕಾರಿನಲ್ಲಿ ಹೋಗಿದ್ದೆವು. ಅವನ ಕುರ್ತಾಕ್ಕೆ ಹೊಂದುವ ಸೀರೆ ಉಟ್ಟುಕೊಂಡಿದ್ದೆ. ಸತ್ಯನಾರಾಯಣ ಪೂಜೆಗೆ ಕರೆದವರ ಮನೆಯಲ್ಲಿ ಜೋಡಿಯಾಗಿ ಕೂತು ಪ್ರಸಾದ ತೆಗೆದುಕೊಂಡಿದ್ದೆವು. ತುಮಕೂರಿಗೆ ಫೋನ್ ಮಾಡುವಾಗಲೂ ಅವನು ಚೆನ್ನಾಗಿದ್ದಾನೆ ಎಂದೇ ಹೇಳುತ್ತಿದ್ದೆ. ಇಲ್ಲಿಯ ಕನ್ನಡದವರ ಅರ್ಧ ಫೈಲುಗಳು ಮುಗ್ಗರಿಸುತ್ತಿದ್ದದ್ದು ಇದೇ ಕಾರಣಕ್ಕೆ. ಸಾಕ್ಷಿ ಹೇಳಬಲ್ಲವರ ಎದುರೆಲ್ಲ ಸುಖಸಂಸಾರದ ನಾಟಕ ಆಡಿ, ಆಮೇಲೆ ಸಾಕ್ಷಿಯಿಲ್ಲ ಎಂದು ಕಣ್ಣೀರಿಡುವುದು. ಅವರನ್ನು ನೋಡಿ ನಾನೇ ಎಷ್ಟೋ ಸಲ ನಕ್ಕಿದ್ದೆ.

ನಮ್ಮಿಬ್ಬರನ್ನೂ ಬಲ್ಲವರಲ್ಲಿ ಆ ನಾಟಕ ನೋಡದೆ ಉಳಿದದ್ದು ಅಕ್ಕ ಒಬ್ಬರೇ. ಅವರನ್ನೂ ನಾನು ಪರೀಕ್ಷೆ ಮಾಡದೆ ಬಿಡಲಿಲ್ಲ. ಪಾರಮಟ್ಟಾದಲ್ಲಿ ಮನೆ ಕೊಳ್ಳುತ್ತಿದ್ದೇವೆ, ಮಾರ್ಟ್‌ಗೇಜ್ ಸಿಕ್ಕಿದೆ ಎಂದು ಅವರಿಗೊಬ್ಬರಿಗೇ ಒಂದು ಸುಳ್ಳು ಹೇಳಿ ಎರಡು ವಾರ ಕಾದೆ. ಯಾವ ಆಂಟಿಯೂ ಫೋನ್ ಮಾಡಿ ಕಂಗ್ರಾಟ್ಸ್ ಹೇಳಲಿಲ್ಲ. ಬಾಯಿ ಬಿಡುವವರಲ್ಲ ಎಂದು ಖಾತ್ರಿಯಾದ ಮೇಲೆ ವಿಷಯ ತಿಳಿಸಿ, ಹೇಳಿಕೆಯ ಫಾರಂ ಅವರ ಮುಂದಿಟ್ಟೆ.

"ಹೌದಾ?" ಎಂದರು. ಆಮೇಲೆ, "ನೋಡದ್ದಕ್ಕೆ ನಾನು ಸಹಿ ಹಾಕುದಿಲ್ಲ. ಬರ್ತೇನೆ," ಎಂದರು.

ಹೇಳದೆ ಕೇಳದೆ ಒಂದು ಭಾನುವಾರ ಮಧ್ಯಾಹ್ನ ಬಂದರು, ಕೈಯಲ್ಲಿ ಬಾಳೆಹಣ್ಣು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅಲ್ಲಿದ್ದ ಜೋಡಿಗಳನ್ನು ನೋಡಿದ್ದನ್ನು ನಾನು ಗಮನಿಸಿದೆ. ಬಂದವರು ಅಕ್ಕನೋ ಆಫೀಸರೋ ಎಂದು ನನಗೆ ತಿಳಿಯಲಿಲ್ಲ. ಅತಿಥಿ ಬಂದರೆಂದು ಗಂಡ ಎದ್ದು ಶರಟು ಹಾಕಿಕೊಂಡು ಬಂದ. ಎಂಟು ತಿಂಗಳು ಬಾಯಿ ಹೊಲಿದುಕೊಂಡಿದ್ದವನು "ಬನ್ನಿ ಅಕ್ಕ, ನಮ್ಮನೆ ಸಾರು ರುಚಿ ನೋಡಿ" ಎಂದು ಉಪಚಾರ ಮಾಡಿದ. ಊಟಕ್ಕೆ ಕೂತಾಗ ನಾನು ಅವನ ತಟ್ಟೆಗೆ ಅನ್ನ ಹಾಕಿ, ಮೇಲೆ ತುಪ್ಪ ಬಿಟ್ಟು, ಉಪ್ಪಿನಕಾಯಿಯನ್ನು ಅವನ ಎಡಕ್ಕೆ ಸರಿಸಿಟ್ಟೆ. ಕೈ ತಾನಾಗಿ ಮಾಡಿತು. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದರು.

ಎರಡನೆಯ ಸಲ ಶನಿವಾರ ಬೆಳಿಗ್ಗೆ ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವನ ಐದು ಆಫೀಸ್ ಶರಟು ತಂತಿಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಅಕ್ಕ ಟೀ ಕೂಡ ಕುಡಿಯದೆ ಹೊರಟುಹೋದರು. ಸೋಮವಾರ ಕಚೇರಿಯಲ್ಲಿ ಫಾರಮನ್ನು ಖಾಲಿಯಾಗಿಯೇ ನನ್ನ ಮೇಜಿನ ಮೇಲಿಟ್ಟರು.

"ಇದಕ್ಕೆ ಸಹಿ ಹಾಕ್ಲಿಕ್ಕೆ ಆಗುದಿಲ್ಲ."

"ಯಾಕಕ್ಕಾ? ನಾನು ಸುಳ್ಳು ಹೇಳ್ತಿದೀನಾ?"

"ಅವನಿಗೆ ಅನ್ನ ನೀನೇ ಹಾಕುದು, ಬಟ್ಟೆ ನೀನೇ ಒಗೆಯುದು. ಬೇರೆ ಎಂತ ಇದರಲ್ಲಿ?"

"ಮನೇಲಿರೋ ಮನುಷ್ಯನಿಗೆ ಅನ್ನ ಹಾಕ್ದೆ ನಾವಿಬ್ರೇ ತಿನ್ನೋಕಾಗುತ್ತಾ? ನೀವೇ ಹೇಳಿ."

"ಅದನ್ನೇ ಬರೀಲಾ ಫಾರಂನಲ್ಲಿ?"

"ಅವ್ನು ಎಂಟು ತಿಂಗ್ಳಿಂದ ನನ್ ಮುಖ ನೋಡಿಲ್ಲ ಅಕ್ಕಾ. ನಿಮ್ಗೆ ಯಾರ ಮೇಲೂ ನಂಬಿಕೆ ಇಲ್ಲ. ನಿಮ್ ಮನೇಲಿ ಯಾರಿದ್ದಾರೋ ಯಾರಿಗ್ ಗೊತ್ತು, ಬೇರೆಯವ್ರ ಪಾತ್ರೆ ಎಣಿಸ್ಕೊಂಡು ಓಡಾಡ್ತೀರಿ!"

ಅಷ್ಟು ಹೇಳಬಾರದಿತ್ತು. ಅಕ್ಕ ಕನ್ನಡಕ ಇಳಿಸಿಕೊಂಡು ಕಂಪ್ಯೂಟರಿನ ಕಡೆ ತಿರುಗಿದರು. "ಬೇರೆ ಆಗು ಮೊದಲು. ಆಮೇಲೆ ಸಹಿ ಕೇಳು," ಎಂದರು ಪರದೆ ನೋಡುತ್ತಲೇ. ಅವರು ನನ್ನ ವಿರುದ್ಧ ಮೆಲ್ಬರ್ನಿಗೆ ಬರೆಯುತ್ತಾರೆ, ಕೆಲಸವೂ ಹೋಗುತ್ತದೆ ಎಂದು ಎರಡು ದಿನ ನಾನು ಮತ್ತೆ ಮತ್ತೆ ಈಮೇಲ್ ತೆರೆದು ನೋಡಿದೆ.

ಬುಧವಾರ ಸಂಜೆ ಮನೆಗೆ ಬಂದು ಕುಕ್ಕರಿನಲ್ಲಿ ಒಂದೇ ಲೋಟ ಅಕ್ಕಿ ಇಟ್ಟೆ. ನಾನು ಮತ್ತು ಮಗಳು ಊಟ ಮಾಡುತ್ತಿದ್ದಾಗ ಅವನು ಬಂದ. ಕೈಕಾಲು ತೊಳೆದು ಬಂದು ಕುಕ್ಕರ್ ತೆಗೆದು ನೋಡಿದ. ಸಾರಿನ ಪಾತ್ರೆಯನ್ನೂ ತೆಗೆದು ನೋಡಿದ.

"ನಂಗೆ?" ಎಂದ. ಅಷ್ಟು ತಿಂಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

"ಇಲ್ಲ," ಎಂದೆ.

ಮಗಳು ತನ್ನ ತಟ್ಟೆಯನ್ನು ಅವನ ಕಡೆ ತಳ್ಳಿ "ಡ್ಯಾಡಿ ಕ್ಯಾನ್ ಹ್ಯಾವ್ ಮೈನ್" ಎಂದಳು. ಎದ್ದು ಇನ್ನೊಂದು ಲೋಟ ಅಕ್ಕಿ ತೊಳೆದುಬಿಡೋಣ ಎನ್ನಿಸಿ ಕಾಲು ಎದ್ದೂ ಆಗಿತ್ತು. ಮತ್ತೆ ಕೂತುಕೊಂಡೆ. ಅವನು ಎರಡು ಸ್ಲೈಸ್ ಬ್ರೆಡ್ ತೆಗೆದುಕೊಂಡು ಹಾಲಿಗೆ ಹೋದ. ಓದಲು ಹೊರಟ ದಿನ ಅಮ್ಮನನ್ನು ಬಿಟ್ಟದ್ದಕ್ಕೂ ನಾನು ಅಷ್ಟು ಅತ್ತಿರಲಿಲ್ಲ, ಆ ಸಂಜೆ ಪಾತ್ರೆ ತೊಳೆಯುತ್ತ ಅತ್ತೆ. ಶನಿವಾರ ಅವನ ಶರಟುಗಳನ್ನೂ ಬುಟ್ಟಿಯಲ್ಲೇ ಬಿಟ್ಟೆ.

ಎರಡು ವಾರದ ಮೇಲೆ ಅಕ್ಕ ಮತ್ತೆ ಬಂದರು. ಅಷ್ಟರಲ್ಲಿ ಅವನು ತನ್ನದೊಂದು ಪುಟ್ಟ ರೈಸ್ ಕುಕ್ಕರ್ ತಂದುಕೊಂಡಿದ್ದ. ಫ್ರಿಜ್ಜಿನಲ್ಲಿ ಕೆಳಗಿನ ಖಾನೆ ಅವನದಾಗಿತ್ತು. ಅಕ್ಕ ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿ, "ಯಾವತ್ತಿಂದ?" ಎಂದರು. ಹೋದ ಬುಧವಾರ ಅಲ್ಲ, ಅದರ ಹಿಂದಿನ ಬುಧವಾರ ಎಂದೆ. ಅಲ್ಲೇ ಊಟದ ಮೇಜಿನ ಮೇಲೆ ಫಾರಂ ಬರೆದು, ಸಹಿ ಹಾಕಿ, ಲಕೋಟೆಗೆ ಹಾಕಿ, ನಾಲಿಗೆಯಲ್ಲಿ ಅಂಟಿಸಿ ತಮ್ಮ ಬ್ಯಾಗಿನಲ್ಲೇ ಇಟ್ಟುಕೊಂಡರು. ನನಗೆ ಓದಲು ಕೊಡಲಿಲ್ಲ. ನಾನಾದರೂ ಎಷ್ಟು ಕೃತಜ್ಞಳಾಗಿದ್ದೆನೆಂದರೆ ಕೇಳಲೂ ಇಲ್ಲ.

ತೀರ್ಮಾನದ ಪತ್ರ ಬಂದಾಗ ತಿಳಿಯಿತು. ಬೇರೆಯಾದದ್ದು ನಿಜ ಎಂದು ಒಪ್ಪಿದ್ದಾರೆ, ಆದರೆ ಆ ಬುಧವಾರದಿಂದ. ಅದರ ಹಿಂದಿನ ಎಂಟು ತಿಂಗಳು ನಾವು ಗಂಡಹೆಂಡತಿಯೇ ಎಂದು ಬರೆದಿತ್ತು. ಆ ತಾರೀಖು ಕೊಟ್ಟವರು ಅಕ್ಕ. ಚೈಲ್ಡ್‌ಕೇರ್ ಉಳಿಯಿತು, ಕೆಲಸ ಉಳಿಯಿತು, ಕೆಲವು ತಿಂಗಳಲ್ಲಿ ಅವನು ಸ್ನೇಹಿತನ ಮನೆಗೆ ಹೋದ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ ಆ ಎಂಟು ತಿಂಗಳನ್ನು ಈ ಹೆಂಗಸು ಒಂದು ಗೀಟು ಎಳೆದು ಸುಳ್ಳು ಮಾಡಿಬಿಟ್ಟರಲ್ಲ ಎಂದು. ನಾಳೆ ಯಾರಾದರೂ ಕೇಳಿದರೆ ತಮ್ಮ ಹೆಸರಿಗೆ ಮಸಿ ಹತ್ತಬಾರದೆಂದು ಹೀಗೆ ಮಾಡಿದರು ಎಂದೇ ನಂಬಿದೆ. ಆಮೇಲೆ ನಮ್ಮ ಮಧ್ಯೆ ಫೈಲಿನ ಮಾತು ಬಿಟ್ಟು ಬೇರೆ ಇರಲಿಲ್ಲ. ಒಂದು ವರ್ಷದಲ್ಲಿ ಅವರು ತಾವೇ ಕೇಳಿಕೊಂಡು ಮೆಲ್ಬರ್ನಿಗೆ ವರ್ಗವಾದರು. ಯಾಕೆ, ಯಾರ ಹತ್ತಿರ ಇರಲು ಎಂಬುದು ಆಗಲೂ ಯಾರಿಗೂ ತಿಳಿಯಲಿಲ್ಲ.

ಕಾರ್ಡಿಗೆ ಎರಡು ಸಾಲು ಕಳಿಸಿದ ವಾರವೇ ನನಗೆ ಮೆಲ್ಬರ್ನಿನಲ್ಲಿ ಟ್ರೇನಿಂಗ್ ಬಂತು. ಡಾಕ್‌ಲ್ಯಾಂಡ್ಸಿನ ಹೊಸ ಕಟ್ಟಡದಲ್ಲಿ ಅವರ ಬೀಳ್ಕೊಡುಗೆ. ಕೇಕ್ ಕತ್ತರಿಸಿದರು, ಹೊಗಳಿದರು. ಅಕ್ಕ ಹೊಗಳಿಕೆಯನ್ನೂ ಒಂದು ಕಣ್ಣು ಅರ್ಧ ಮುಚ್ಚಿಯೇ ಕೇಳಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮುಗಿದ ಮೇಲೆ ಟ್ರ್ಯಾಮ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆದೆವು. ನೀರಿನ ಕಡೆಯಿಂದ ಗಾಳಿ ಹೊಡೆಯುತ್ತಿತ್ತು, ಇಬ್ಬರೂ ಕೋಟಿನ ಕಾಲರ್ ಹಿಡಿದುಕೊಂಡು ನಿಂತೆವು. ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾಗುವುದಿಲ್ಲ ಎನ್ನಿಸಿತು.

"ಆ ಎಂಟು ತಿಂಗಳು ನೀವು ನನ್ನ ನಂಬ್ಲಿಲ್ಲ ಯಾಕಕ್ಕಾ?"

ಅವರಿಗೆ ಯಾವ ಎಂಟು ತಿಂಗಳು ಎಂದು ನೆನಪು ಮಾಡಿಕೊಡಬೇಕಾಗಲಿಲ್ಲ.

"ನಂಬದೆ ಎಂತ? ಅವನು ನಿನ್ನ ಬಿಟ್ಟದ್ದು ಮೊದಲನೇ ಭಾನುವಾರವೇ ಗೊತ್ತಾಯ್ತು ನಂಗೆ. ಅಷ್ಟು ಬಡಿಸಿದಿ, ಒಮ್ಮೆ ತಲೆ ಎತ್ತಿ ನೋಡ್ಲಿಲ್ಲ ಅವನು. ಆದ್ರೆ ಅರ್ಜಿ ಅವಂದಲ್ಲ, ನಿಂದು. ನೀನು ಬಿಟ್ಟಿರ್ಲಿಲ್ಲ."

ಈ ಮಾತು ಅಂದಿನದೋ, ನಾನು ಕೇಳಿದ ಮೇಲೆ ಹೊಳೆದದ್ದೋ ಎಂದು ನಾನು ಅವರ ಮುಖವನ್ನೇ ನೋಡಿದೆ. ಅವರ ಕೈಯಲ್ಲಿ ಅಷ್ಟು ವರ್ಷ ಪಳಗಿದವಳು ಹಾಗೆ ಸುಲಭಕ್ಕೆ ನಂಬುವುದಿಲ್ಲ.

"ಅದನ್ನ ಹೇಳೋಕೆ ನೀವ್ಯಾರು?" ಎಂದೆ. "ನಾನು ಯಾವತ್ತು ಬೇರೆ ಆದೆ ಅಂತ ನಂಗೆ ಗೊತ್ತಿಲ್ವಾ?"

ಅಕ್ಕ ಸಿಟ್ಟಾಗಲಿಲ್ಲ. ಟ್ರ್ಯಾಮ್ ಬರುತ್ತಿರುವುದನ್ನು ನೋಡಿ ಬ್ಯಾಗನ್ನು ಹೆಗಲಿಗೇರಿಸಿಕೊಂಡರು.

"ಆಮೇಲೆ ಡೈವೋರ್ಸಿಗೆ ಹಾಕಿದಿ ಅಲ್ವಾ? ಅದರಲ್ಲಿ ಬೇರೆ ಆದ ದಿನ ಕೇಳ್ತಾರೆ. ಯಾವುದು ಬರೆದಿ?"

ಆ ಅರ್ಜಿ ಬರೆಯುವಾಗ ಅಕ್ಕ ಇರಲಿಲ್ಲ. ಲಾಯರ್ ಆಫೀಸಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬಳೇ ಕೂತು, ಯಾರನ್ನೂ ಕೇಳದೆ, ಒಂದು ಕ್ಷಣವೂ ಯೋಚಿಸದೆ ಆ ಕಾಲಂ ತುಂಬಿಸಿದ್ದೆ.

"ಆ ಬುಧವಾರ," ಎಂದೆ.